ಮೂರನೇ ಗುಂಡಿಯ ಕೀಲಿಕೈ

ಬೆಳಿಗ್ಗೆ ಹತ್ತೂಕಾಲಿಗೆ ಮೂರನೇ ಗುಂಡಿಯ ಪಂಪು ನಿಂತಿತು.

ಪರದೆಯ ಮೇಲೆ ಹಸಿರು ಚಕ್ರ ಕೆಂಪಾಯಿತು. ಹೊರಗೆ ಆ ಗುಂಡಿಯ ಪಕ್ಕದ ಕಂಬದ ಮೇಲಿನ ಹೂಟರ್ ಕೂಗಿತು. ಸುಶೀಲಾ ಮೌಸ್ ಒತ್ತಿ ಅದನ್ನು ನಿಲ್ಲಿಸಿದಳು. ಅಲಾರಾಂ ಬಂದರೆ ಮೊದಲು ಸದ್ದು ನಿಲ್ಲಿಸಬೇಕು, ಆಮೇಲೆ ಕಾರಣ ಹುಡುಕಬೇಕು. ಆ ಕಾರ್ಖಾನೆಯಲ್ಲಿ ಆಪರೇಟರುಗಳಿಗೆ ಕಲಿಸುವ ಮೊದಲ ಪಾಠ ಅದು. ಹೂಟರಿನ ಸದ್ದು ಮುಂಭಾಗದ ಆಫೀಸಿಗೆ ಕೇಳಬಾರದು.

ನೋಯ್ಡಾ ಫೇಸ್ ಟೂನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಣ್ಣದ ಕೊಳೆನೀರು ನೆಲದಡಿಯ ಮೂರು ಗುಂಡಿಗಳಿಗೆ ಇಳಿಯುತ್ತದೆ. ಅಲ್ಲಿಂದ ಪಂಪುಗಳು ಅದನ್ನು ಶುದ್ಧೀಕರಣದ ತೊಟ್ಟಿಗಳಿಗೆ ಎತ್ತುತ್ತವೆ. ಪಂಪು, ಕವಾಟ, ಗಾಳಿಯಂತ್ರ ಎಲ್ಲವನ್ನೂ ಒಂದೇ ಕೋಣೆಯಿಂದ ನಡೆಸುತ್ತಾರೆ. ಕೋಣೆಯಲ್ಲಿ ಎಸಿ ಇದೆ, ನಾಲ್ಕು ಪರದೆಗಳಿವೆ, ಒಂದು ತಿರುಗುವ ಕುರ್ಚಿ ಇದೆ. ಹಗಲು ಪಾಳಿಯಲ್ಲಿ ಆ ಕುರ್ಚಿ ಸುಶೀಲಾ ಕೆಂಪಣ್ಣಳದು. ದಾವಣಗೆರೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮಾಡಿದವಳು. ಏಜೆನ್ಸಿಯ ಮೂಲಕ ಬಂದ ಗುತ್ತಿಗೆ ನೌಕರಳು. ಖಾಯಂ ನೌಕರರ ಗೇಟ್ ಕಾರ್ಡು ನೀಲಿ, ಅವಳದು ಹಳದಿ.

ಅವಳು ಪಂಪಿನ ಕರೆಂಟು ನೋಡಿದಳು. ನಿಲ್ಲುವ ಮುನ್ನ ಏರಿತ್ತು. ಒಳಗೆ ದಾರದ ಉಂಡೆ, ಚಿಂದಿ, ಕೆಸರು ಸಿಕ್ಕಿಕೊಂಡಿದೆ. ಗುಂಡಿಯ ನೀರು ಏರತೊಡಗಿತ್ತು. ತುಂಬಿದರೆ ಮೇಲೆ ಬಣ್ಣದ ಯಂತ್ರಗಳನ್ನು ನಿಲ್ಲಿಸಬೇಕು.

ಆಮೇಲೆ ಗುಂಡಿಯೊಳಗಿನ ವಿಷದ ಗ್ಯಾಸಿನ ಅಳತೆ ನೋಡಿದಳು. ನೂರ ನಲವತ್ತು.

ಎರಡು ವರ್ಷದ ಹಿಂದೆ ಆ ಗುಂಡಿಗೆ ಒಬ್ಬ ಇಳಿದಿದ್ದ, ಮೇಲೆ ಬರಲಿಲ್ಲ. ಅವನನ್ನು ಎಳೆಯಲು ಇಳಿದವನೂ ಬರಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಕಂಪನಿ ಪ್ರಶ್ನೆ ಕೇಳಿತು. ಆಗ ಗುಂಡಿಯೊಳಗೆ ಗ್ಯಾಸ್ ಅಳೆಯುವ ಸೆನ್ಸರ್ ಬಂತು, ಮುಚ್ಚಳಕ್ಕೆ ಬೀಗ ಬಂತು. ಗ್ಯಾಸ್ ಹತ್ತಕ್ಕಿಂತ ಹೆಚ್ಚಿದ್ದರೆ ಬೀಗ ಬಿಡುವುದಿಲ್ಲ. ಕರೆಂಟು ತೆಗೆದರೂ ಬಿಡುವುದಿಲ್ಲ. ಆದರೂ ತೆರೆಯಲೇಬೇಕು ಎಂದರೆ ಒಂದು ಕೀಲಿಕೈ ಇದೆ. ಕಂಟ್ರೋಲ್ ರೂಮಿನ ಪ್ಯಾನೆಲ್ಲಿಗೆ ಹಾಕಿ ತಿರುಗಿಸಬೇಕು. ಪರದೆ ಆಪರೇಟರನ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಮುಚ್ಚಳ ತೆರೆಯುತ್ತದೆ. ಒಳಗೆ ಏನಾದರೂ ಆದರೆ ತೆರೆದದ್ದು ಆ ಹೆಸರು.

ಕೀಲಿಕೈ ಲಕ್ಷ್ಮಿಯ ಕ್ಯಾಲೆಂಡರಿನ ಕೆಳಗೆ ಮೊಳೆಗೆ ತೂಗುತ್ತಿತ್ತು. ಬೇರೆ ಪಾಳಿಗಳಲ್ಲಿ ಅದು ತಿರುಗುತ್ತಿತ್ತು. ಸುಶೀಲಾಳ ಪಾಳಿಯಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ.

ಅವಳು ಪ್ಲಾಂಟ್ ಹೆಡ್ ರಘುನಂದನ್ ಅವರಿಗೆ ಫೋನ್ ಮಾಡಿದಳು. "ಸರ್, ಮೂರನೇದು ಜಾಮ್ ಆಗಿದೆ. ಕೆಸರು ಹೀರೋ ಟ್ಯಾಂಕರ್ ಕರೆಸಬೇಕು."

"ಬರ್ತೀನಿ," ಎಂದು ಅವರು ಫೋನಿಟ್ಟರು.

ಅವರು ಬರುವ ಮೊದಲೇ ಕ್ಯಾಮೆರಾದ ಪರದೆಯಲ್ಲಿ ಬಿಜೇಂದರ್ ಕಾಣಿಸಿದ. ಗುಂಡಿ, ಚರಂಡಿ ಇಳಿಯುವವನು. ಕೂಲಿಯವರನ್ನು ಒದಗಿಸುವ ಠೇಕೇದಾರನ ಗಾಡಿಯಲ್ಲಿ ಬೆಳಿಗ್ಗೆ ಬರುತ್ತಾನೆ, ಕೆಲಸವಿದ್ದ ಕಡೆ ಇಳಿಸುತ್ತಾರೆ. ಅವನು ಅಂಗಿ ಬಿಚ್ಚಿ ಗೋಡೆಯ ಮೇಲಿಟ್ಟ. ಬಾಟಲಿಯಿಂದ ಸಾಸಿವೆ ಎಣ್ಣೆ ಸುರಿದುಕೊಂಡು ಎದೆಗೆ, ತೋಳಿಗೆ, ಕಿವಿಯೊಳಗೆ ಹಚ್ಚಿಕೊಂಡ. ಠೇಕೇದಾರನ ಸೂಪರ್‌ವೈಸರ್ ಸತ್‌ಬೀರ್ ಅವನ ಕೈಗೆ ಒಂದು ಪವ್ವಾ ಸಾರಾಯಿ ಕೊಟ್ಟ. ಬಿಜೇಂದರ್ ನಿಂತೇ ಕುಡಿದು ಖಾಲಿ ಬಾಟಲಿ ವಾಪಸು ಕೊಟ್ಟ. ಇಬ್ಬರು ಅವನ ಸೊಂಟಕ್ಕೆ ಹಗ್ಗ ಕಟ್ಟಿದರು.

ಪರದೆಗೆ ಸದ್ದಿರಲಿಲ್ಲ.

ಪಕ್ಕದ ಪರದೆಯಲ್ಲಿ ಪ್ರತಿ ಪಂಪಿಗೆ ಒಂದು ಹೆಸರಿತ್ತು. ಪ್ರತಿ ಕವಾಟಕ್ಕೆ ಒಂದು ಸಂಖ್ಯೆಯಿತ್ತು. ಇಳಿಯುವವನಿಗೆ ಏನೂ ಇರಲಿಲ್ಲ.

ರಘುನಂದನ್ ಬಂದರು. ಮೈಸೂರಿನವರು, ಕೆಮಿಕಲ್ ಇಂಜಿನಿಯರ್, ದೆಹಲಿ ಕಡೆ ಬಂದು ಬಹಳ ವರ್ಷವಾಗಿತ್ತು. ಹಿಂದೆಯೇ ಸತ್‌ಬೀರ್ ಬಂದು ಬಾಗಿಲಲ್ಲಿ ನಿಂತ. ಅವನಿಗೆ ತಿಳಿಯದಿರಲೆಂದು ರಘುನಂದನ್ ಕನ್ನಡದಲ್ಲೇ ಮಾತಾಡಿದರು.

"ಕೀ ಹಾಕಮ್ಮ."

"ಸರ್, ನೂರ ನಲವತ್ತಿದೆ."

"ಸೆನ್ಸರ್ ಹಳೇದು. ವಾಸನೇನೇ ಇಲ್ಲ ಅಂತಿದಾನೆ ಇವನು."

"ವಾಸನೆ ಇಲ್ಲ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ ಸರ್."

ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಆ ಗ್ಯಾಸ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ನೂರು ದಾಟಿದರೆ ಮೂಗು ಕೆಲಸ ನಿಲ್ಲಿಸುತ್ತದೆ. ರಘುನಂದನ್ ಗಡಿಯಾರ ನೋಡಿದರು.

"ಎರಡು ಗಂಟೆಗೆ ಬೈಯರ್ಸ್ ಬರ್ತಾರೆ. ಗುಂಡಿ ತುಂಬಿ ಮಿಷೀನ್ ನಿಂತ್ರೆ ಏನು ತೋರಿಸ್ಲಿ ಅವರಿಗೆ?"

"ಟ್ಯಾಂಕರ್ ಕರೆಸಿ ಸರ್. ಗಾಳಿಕಿಂಡಿಯ ಜಾಲರಿ ತೆಗೆದ್ರೆ ಪೈಪು ಒಳಗೆ ಹೋಗುತ್ತೆ. ಮುಚ್ಚಳ ತೆಗೆಯೋದೇ ಬೇಡ."

"ಟ್ಯಾಂಕರ್ ಬರೋಕೆ ಅರ್ಧ ದಿನ ಬೇಕು. ಬಂದ್ರೂ ಗೇಟಲ್ಲಿ ಕೊಚ್ಚೆ ಗಾಡಿ ನಿಂತಿರುತ್ತೆ. ಎಲ್ಲಾ ಆಟೋಮ್ಯಾಟಿಕ್ ಅಂತ ಹೇಳಿದೀವಿ ಅವರಿಗೆ."

"ಮನುಷ್ಯ ಇಳಿದ್ರೆ ಆಟೋಮ್ಯಾಟಿಕ್ಕಾ ಸರ್?"

ರಘುನಂದನ್ ದನಿ ಏರಿಸಿದರು. "ಜಾಸ್ತಿ ಮಾತು ಬೇಡ. ಹತ್ತು ನಿಮಿಷದ ಕೆಲಸ. ಇಳೀತಾನೆ, ಚಿಂದಿ ಎಳೀತಾನೆ, ಬರ್ತಾನೆ."

"ಹಾಗಾದ್ರೆ ನಿಮ್ಮ ಹೆಸರಲ್ಲಿ ತೆಗೀರಿ ಸರ್. ನಿಮಗೂ ಪಾಸ್‌ವರ್ಡ್ ಇದೆ."

ಅವಳು ಕುರ್ಚಿ ಬಿಟ್ಟು ಪಕ್ಕಕ್ಕೆ ನಿಂತಳು. ರಘುನಂದನ್ ಕುರ್ಚಿ ನೋಡಿದರು. ಕೂರಲಿಲ್ಲ.

ಅವರು ಆ ಕೋಣೆಯಲ್ಲಿ ಕೂತು ಬಹಳ ದಿನವಾಗಿತ್ತು. ಮೊದಲೆಲ್ಲ ದಿನಾ ಬೆಳಿಗ್ಗೆ ಬರುತ್ತಿದ್ದರು. ಸುಶೀಲಾ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುತ್ತಿದ್ದಳು. ಇಡೀ ಕಾರ್ಖಾನೆಯಲ್ಲಿ ಕಾಫಿ ಎಂದರೆ ಅದೊಂದೇ. "ಕನ್ನಡ, ಕಾಫಿ, ಎರಡೂ ಇಲ್ಲೇ ಸಿಗೋದು ನೋಡು," ಎಂದು ನಗುತ್ತಿದ್ದರು.

ದೆಹಲಿಯಲ್ಲಿ ಹೆಸರು ಹೇಳಿದರೆ ಮುಂದೇನು ಎಂದು ಕೇಳುತ್ತಾರೆ. ಸುಶೀಲಾ, ಮುಂದೆ? ಕೆಂಪಣ್ಣ. ಕೆಂಪಣ್ಣ ಅಂದರೇನು? ಅಪ್ಪನ ಹೆಸರು. ಅಚ್ಛಾ, ಸೌತ್ ಇಂಡಿಯನ್. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಭಂಗೇಲಿನಲ್ಲಿ ಬಾಡಿಗೆ ಕೋಣೆ ಸಿಕ್ಕಿದ್ದು, ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಜನ ಕೂತದ್ದು ಆ ಅಜ್ಞಾನದಿಂದ. ಅವಳು ಮುಚ್ಚಿಟ್ಟಿರಲಿಲ್ಲ. ಯಾರಿಗೂ ಕೇಳಲು ಗೊತ್ತಿರಲಿಲ್ಲ.

ರಘುನಂದನ್‌ಗೆ ಗೊತ್ತಿತ್ತು. ಯುಗಾದಿಗೆ ಕನ್ನಡಿಗರ ಊಟವಿತ್ತು. ಎಲೆ ಮುಂದೆ ಕೂತು ವಿಚಾರಿಸಿದರು.

"ದಾವಣಗೆರೆಯಲ್ಲಿ ಎಲ್ಲಿ?"

"ಮುನ್ಸಿಪಾಲಿಟಿ ಕ್ವಾರ್ಟರ್ಸ್ ಸರ್."

"ಓ, ತಂದೆ ಆಫೀಸಲ್ಲಿದ್ರಾ?"

"ಪೌರಕಾರ್ಮಿಕರು ಸರ್."

"ಭೇಷ್. ಕಷ್ಟಪಟ್ಟು ಮೇಲೆ ಬಂದಿದೀಯ," ಎಂದು ಅವರು ಆ ಕಡೆ ತಿರುಗಿ ಒಬ್ಬಟ್ಟಿಗೆ ತುಪ್ಪ ಕೇಳಿದರು.

ಸೋಮವಾರ ಕಾಫಿಗೆ ಬರಲಿಲ್ಲ. "ಅಸಿಡಿಟಿ ಕಣಮ್ಮ," ಎಂದರು. ಕ್ಯಾಂಟೀನಿನ ಚಹಾ ಮಾತ್ರ ಬಿಡಲಿಲ್ಲ.

ಈಗ ಅವರು ದನಿ ಇಳಿಸಿದರು. "ನೋಡು ಸುಶೀಲಾ. ನಿನಗೆ ಹೇಳಿಕೊಡಬೇಕಾ ಇದೆಲ್ಲ? ನಿಮ್ಮ ತಂದೆ ಇಳೀತಿರಲಿಲ್ವಾ? ಅದರಲ್ಲೇ ನಿನ್ನ ಓದಿಸಲಿಲ್ವಾ? ನಿಮ್ಮ ಕಡೆಯವರಿಗೆ ಮೈಗೆ ಒಗ್ಗಿರುತ್ತೆ."

ಸುಶೀಲಾ ಅವರ ಬಾಯಿ ನೋಡಿದಳು. ಎಷ್ಟು ಸ್ವಚ್ಛವಾದ ಕನ್ನಡ.

ಅಪ್ಪನ ಮೈಗೆ ಏನೂ ಒಗ್ಗಿರಲಿಲ್ಲ. ಕೆಂಪಣ್ಣ ಮ್ಯಾನ್‌ಹೋಲಿನಿಂದ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂರುತ್ತಿದ್ದ. ಅವ್ವ ಮೂರು ಕೊಡ ನೀರು ಹುಯ್ಯುವವರೆಗೂ ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ಕಾಲಿನ ಸಂದು ಬಿರಿದಿತ್ತು. ಕಣ್ಣು ಯಾವಾಗಲೂ ಕೆಂಪು. ಮೂಗು ಸತ್ತಿತ್ತು. ಒಲೆಯ ಮೇಲೆ ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಕೂತಿದ್ದ ಅವನಿಗೆ ತಿಳಿಯುತ್ತಿರಲಿಲ್ಲ. ಮಗಳು ಹೊಸ ಸೋಪು ತಂದು ಮೂಗಿನ ಹತ್ತಿರ ಹಿಡಿದರೆ, "ಚಲೋ ಐತಿ" ಎನ್ನುತ್ತಿದ್ದ. ಸುಳ್ಳು. ಅವನು ಗುಂಡಿಯೊಳಗೆ ಸಾಯಲಿಲ್ಲ. ಹೊರಗೆ ಬಂದು ನಿಧಾನವಾಗಿ ಸತ್ತ. ಆದ್ದರಿಂದ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಸುಶೀಲಾ ಗೋಡೆಯ ಬಳಿ ಹೋಗಿ ಕೀಲಿಕೈ ತೆಗೆದುಕೊಂಡಳು.

"ಗುಡ್," ಎಂದರು ರಘುನಂದನ್.

ಅವಳು ಪ್ಯಾನೆಲ್ಲಿನ ಕಡೆ ಹೋಗಲಿಲ್ಲ. ಸತ್‌ಬೀರ್‌ನನ್ನು ದಾಟಿ ಬಾಗಿಲಿನಿಂದ ಹೊರಗೆ ನಡೆದಳು.

ಜೂನ್ ತಿಂಗಳು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಹಿಂದೆ ರಘುನಂದನ್ ಕೂಗುತ್ತಿದ್ದರು. ಅವಳು ಓಡಲಿಲ್ಲ, ನಿಲ್ಲಲೂ ಇಲ್ಲ.

ಗುಂಡಿಯ ಬಳಿ ಬಿಜೇಂದರ್ ಕೂತಿದ್ದ. ಎಣ್ಣೆ ಮೈ ಬಿಸಿಲಿಗೆ ಹೊಳೆಯುತ್ತಿತ್ತು. ಅವನ ಹಿಂದಿ ಪಶ್ಚಿಮ ಯು.ಪಿ.ಯ ಹಳ್ಳಿಯದು, ಅವಳದು ನೋಯ್ಡಾದಲ್ಲಿ ಕಲಿತದ್ದು.

"ಮೇಡಂಜಿ ಖುದ್ದಾಗಿ ಬಂದ್ರಲ್ಲ! ಎಸಿ ಕೆಟ್ಟುಹೋಯ್ತಾ?"

ಹಗ್ಗ ಹಿಡಿದ ಇಬ್ಬರು ನಕ್ಕರು.

"ಇಳೀಬೇಡಿ ಭಯ್ಯಾ. ಒಳಗೆ ಗ್ಯಾಸ್ ಇದೆ."

"ಇವತ್ತು ವಾಸನೇನೇ ಇಲ್ಲ ಮೇಡಂ. ಜಾಲರಿಗೆ ಮೂಗಿಟ್ಟು ನೋಡಿ. ವಾಸನೆ ಇದ್ದ ದಿನ ನಾನೇ ಇಳಿಯಲ್ಲ."

"ಬೆಳಿಗ್ಗೆ ವಾಸನೆ ಇತ್ತಾ?"

ಬಿಜೇಂದರ್ ಯೋಚಿಸಿದ. "ಬಂದಾಗ ಇತ್ತು. ಆಮೇಲೆ ಹೋಯ್ತು."

"ವಾಸನೆ ಹೋಗಿಲ್ಲ, ನಿಮ್ಮ ಮೂಗು ಹೋಗಿದೆ. ಗ್ಯಾಸ್ ಜಾಸ್ತಿ ಆದ್ರೆ ಮೊದಲು ಮೂಗು ಸಾಯುತ್ತೆ, ಆಮೇಲೆ ಮನುಷ್ಯ."

ಹಗ್ಗ ಹಿಡಿದವರು ನಗು ನಿಲ್ಲಿಸಿದರು. ಬಿಜೇಂದರ್‌ಗೆ ಸಿಟ್ಟು ಬಂತು.

"ಇಳಿಯದಿದ್ರೆ ನಾಳೆ ಸತ್‌ಬೀರ್ ಗಾಡಿ ಹತ್ತಿಸಲ್ಲ. ನಾಡಿದ್ದೂ ಹತ್ತಿಸಲ್ಲ. ನೀವು ತಣ್ಣಗೆ ಕೂತು ಬಟನ್ ಒತ್ತೋರು. ನಿಮಗೇನು ಗೊತ್ತು ಇದೆಲ್ಲ? ಮುಚ್ಚಳ ತೆಗೆಸಿ."

"ನಮ್ಮಪ್ಪನೂ ಇದೇ ಕೆಲಸ ಮಾಡ್ತಿದ್ರು."

ನೋಯ್ಡಾದಲ್ಲಿ ಯಾರೂ ಕೇಳದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು. ಬಿಜೇಂದರ್ ಅವಳ ಚಪ್ಪಲಿಯಿಂದ ಮುಖದವರೆಗೆ ನೋಡಿದ. ಕೊರಳಲ್ಲಿ ತೂಗುತ್ತಿದ್ದ ಕಾರ್ಡು ನೋಡಿದ.

"ಸುಳ್ಳು. ನಮ್ಮವರಿಗೆ ತಿರುಗೋ ಕುರ್ಚಿ ಯಾರು ಕೊಡ್ತಾರೆ?"

"ಕೊಟ್ಟಿದಾರೆ. ಇವತ್ತು ಸಂಜೆವರೆಗೆ."

ರಘುನಂದನ್ ಏದುಸಿರು ಬಿಡುತ್ತ ಬಂದರು. ಸತ್‌ಬೀರ್ ಅವರಿಗಿಂತ ಮುಂದಿದ್ದ. "ಕೀ ಕೊಡು," ಎಂದು ಕೈ ಚಾಚಿದ.

ಮುಚ್ಚಳದ ಪಕ್ಕದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿ ಇತ್ತು. ಗೇಣಗಲ, ಮೇಲೆ ಕಬ್ಬಿಣದ ಜಾಲರಿ. ಸುಶೀಲಾ ಉಸಿರು ಬಿಗಿಹಿಡಿದು ಬಗ್ಗಿದಳು. ಜಾಲರಿಯ ಸಂದಿಗೆ ಕೈ ಇಟ್ಟು ಬೆರಳು ಬಿಟ್ಟಳು. ಕೀಲಿಕೈ ಗೋಡೆಗೆ ಒಮ್ಮೆ ತಾಗಿತು. ಆಮೇಲೆ ನೀರಿನ ಸದ್ದು. ಸಣ್ಣ ಸದ್ದು.

ಅವಳು ದೂರ ಸರಿದು ನಿಂತಳು. ಹಿಂದಿಯಲ್ಲಿ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

"ಕೀ ಒಳಗಿದೆ ಸರ್. ಬೇಕಾದವರು ಇಳಿದು ತಗೊಳ್ಳಿ."



ಮೊದಲು ಬಾಯಿ ಬಿಟ್ಟವನು ಸತ್‌ಬೀರ್. ಅವಳು ಬಿಜೇಂದರ್‌ಗೆ ಹೇಳಿದ ಮಾತು ಅವನ ಕಿವಿಗೂ ಬಿದ್ದಿತ್ತು. ಜಾತಿ ಹಿಡಿದು ಬೈದ. ಕುರ್ಚಿ ಸಿಕ್ಕ ಮಾತ್ರಕ್ಕೆ ಔಕಾತ್, ತನ್ನ ಯೋಗ್ಯತೆ, ಮರೆತಳು ಎಂದ. ಆ ಜಾತಿಯ ಮೂವರು ಅವನೆದುರಿಗೇ ಹಗ್ಗದೊಂದಿಗೆ ನಿಂತಿದ್ದರು. ಅವರು ಅದನ್ನು ದಿನಾ ಕೇಳುತ್ತಿದ್ದರು. ಇವತ್ತು ಮೇಡಂಗೆ ಬೈದದ್ದನ್ನು ಕೇಳಿದರು.

"ಬೀಗ ಒಡೀರಿ," ಎಂದರು ರಘುನಂದನ್. ಗ್ಯಾಸ್ ಕಟರ್ ತರಲು ವರ್ಕ್‌ಶಾಪಿಗೆ ಫೋನ್ ಮಾಡಿದರು. ಮೂರನೇ ಗುಂಡಿ ಎಂದು ಕೇಳಿದ ವೆಲ್ಡರ್ ಬರುವುದಿಲ್ಲ ಎಂದ. ಆ ಗ್ಯಾಸಿನ ಹತ್ತಿರ ಬೆಂಕಿ ಹಚ್ಚಿದರೆ ಮುಚ್ಚಳದ ಜೊತೆ ತಾನೂ ಹಾರುತ್ತೇನೆ ಎಂದ. ಇನ್ನೊಂದು ಕೀಲಿಕೈ ಗುರುಗ್ರಾಮದ ಹೆಡ್ ಆಫೀಸಿನಲ್ಲಿತ್ತು. ಆ ಟ್ರಾಫಿಕ್ಕಿನಲ್ಲಿ ಅದು ಬರುವಷ್ಟರಲ್ಲಿ ಬೈಯರ್ಸ್ ಬಂದಿರುತ್ತಾರೆ.

"ಸುತ್ತಿಗೆ ತಾ. ನೀನೇ ಹೊಡಿ," ಎಂದು ಸತ್‌ಬೀರ್ ಬಿಜೇಂದರ್‌ಗೆ ಹೇಳಿದ.

ಬಿಜೇಂದರ್ ಸೊಂಟದ ಹಗ್ಗ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಎಣ್ಣೆ ಕೈ ಜಾರುತ್ತಿತ್ತು, ತಡವಾಯಿತು. ಯಾರೂ ಸಹಾಯ ಮಾಡಲಿಲ್ಲ, ಯಾರೂ ತಡೆಯಲಿಲ್ಲ. ಬಿಚ್ಚಿದ ಹಗ್ಗವನ್ನು ಮುಚ್ಚಳದ ಮೇಲೆ ಹಾಕಿದ. ಗೋಡೆಯ ಮೇಲಿದ್ದ ಅಂಗಿ ತೆಗೆದು ಹಾಕಿಕೊಂಡ. ಅಂಗಿ ಎಣ್ಣೆಗೆ ಅಂಟಿತು. ಒಂದೊಂದೇ ಗುಂಡಿ ಹಾಕಿಕೊಂಡು ನೆರಳಿಗೆ ಹೋಗಿ ಕೂತ. ಹಗ್ಗ ಹಿಡಿದಿದ್ದ ಇಬ್ಬರೂ ಹೋಗಿ ಅವನ ಪಕ್ಕ ಕೂತರು.

ರಘುನಂದನ್ ಟ್ಯಾಂಕರಿಗೆ ಫೋನ್ ಮಾಡಿದರು.

ಅರ್ಧ ದಿನ ಬೇಕೆಂದಿದ್ದ ಟ್ಯಾಂಕರ್ ಪಕ್ಕದ ಸೆಕ್ಟರಿನಿಂದ ಒಂದು ಗಂಟೆಯೊಳಗೆ ಬಂತು. ಡ್ರೈವರ್ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಜಾಲರಿ ತೆಗೆದು ದಪ್ಪ ಪೈಪು ಇಳಿಸಿದ. ನೀರು ಇಳಿಯಿತು, ಕೆಸರು ಇಳಿಯಿತು. ಸುಶೀಲಾ ವಾಪಸು ಕುರ್ಚಿಯಲ್ಲಿದ್ದಳು. ಆ ಪಾಳಿಯಲ್ಲಿ ಪಂಪು ನಡೆಸಬಲ್ಲವರು ಬೇರೆ ಯಾರೂ ಇರಲಿಲ್ಲ. ಅವಳು ಪಂಪನ್ನು ಹಿಮ್ಮುಖವಾಗಿ ತಿರುಗಿಸಿದಳು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ದಾರದ ಉಂಡೆ ಬಿಟ್ಟಿತು. ಕೆಂಪು ಚಕ್ರ ಹಸಿರಾಯಿತು. ಬಣ್ಣದ ಯಂತ್ರಗಳು ನಿಲ್ಲಲೇ ಇಲ್ಲ.

ಟ್ಯಾಂಕರನ್ನು ಹಿಂದಿನ ಗೇಟಿನಿಂದ ಕಳಿಸಿದರು. ಕೀಲಿಕೈ ಅದರ ಹೊಟ್ಟೆಯಲ್ಲಿ ಹೋಯಿತೋ, ಗುಂಡಿಯ ತಳದಲ್ಲೇ ಉಳಿಯಿತೋ ಗೊತ್ತಾಗಲಿಲ್ಲ.

ಎರಡು ಗಂಟೆಗೆ ಬೈಯರ್ಸ್ ಬಂದರು. ರಘುನಂದನ್ ಅವರನ್ನು ಕಂಟ್ರೋಲ್ ರೂಮಿಗೆ ಕರೆತಂದರು. ಅಂಗಿ ಬದಲಾಯಿಸಿದ್ದರು.

"ಇವಳು ನಮ್ಮ ರಾಜ್ಯದ ಹುಡುಗಿ," ಎಂದು ಇಂಗ್ಲಿಷಿನಲ್ಲಿ ಪರಿಚಯಿಸಿದರು. "ಮೂರೂ ಗುಂಡಿಗಳನ್ನು ಇಲ್ಲಿಂದಲೇ ನಡೆಸುತ್ತಾಳೆ. ನಮ್ಮಲ್ಲಿ ಮನುಷ್ಯರು ಗುಂಡಿಗೆ ಇಳಿಯುವುದಿಲ್ಲ."

ಬಂದವರಲ್ಲಿ ನರೆಗೂದಲಿನ ಹೆಂಗಸೊಬ್ಬರಿದ್ದರು. ಅವರು ಸುಶೀಲಾಳ ಕಡೆ ತಿರುಗಿ, ಹೌದೇ ಎಂದು ಕೇಳಿದರು.

ರಘುನಂದನ್ ಅವಳನ್ನೇ ನೋಡಿದರು.

"ಇವತ್ತು ಯಾರೂ ಇಳಿಯಲಿಲ್ಲ," ಎಂದಳು ಸುಶೀಲಾ.

ಹೆಂಗಸು ತಲೆಯಾಡಿಸಿದರು. ಒಂದು ಕ್ಷಣ ಬಿಟ್ಟು, "ಇವತ್ತು?" ಎಂದರು. ಅಷ್ಟರಲ್ಲಿ ರಘುನಂದನ್ ಊಟ ತಣ್ಣಗಾಗುತ್ತದೆ ಎಂದು ಬಾಗಿಲು ತೆರೆದು ಹಿಡಿದಿದ್ದರು. ಗುಂಪು ಹೊರಟಿತು. ಹೆಂಗಸು ಕೊನೆಯವರಾಗಿ ಹೋದರು.

ಪಾಳಿ ಮುಗಿಯುವವರೆಗೆ ಸುಶೀಲಾಗೆ ಯಾರೂ ಏನೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಗೇಟಿನ ಯಂತ್ರಕ್ಕೆ ಹಳದಿ ಕಾರ್ಡು ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು.

"ಬಂದ್ ಮಾಡಿದಾರೆ ಮೇಡಂ," ಎಂದ ಗಾರ್ಡ್. ಅವನು ಅವಳ ಮುಖ ನೋಡಲಿಲ್ಲ. "ಏಜೆನ್ಸಿಗೆ ಹೋಗಿ ಕೇಳಿ."

ಅವಳು ಏಜೆನ್ಸಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ರಸ್ತೆಯ ಆಚೆಗೆ ಹೋದಳು, ಮತ್ತೆ ಈಚೆಗೆ ಬಂದಳು. ಭಂಗೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಕಾಲು ಬರಲಿಲ್ಲ. ಗೇಟಿನ ಎದುರು ಬೇವಿನ ಮರದ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು.

ಬಿಜೇಂದರ್ ಬಂದ. ನಡೆದುಕೊಂಡು ಬಂದಿದ್ದ. ಸತ್‌ಬೀರ್‌ನ ಗಾಡಿ ಅವನನ್ನು ಬಿಟ್ಟು ಹೋಗಿತ್ತು.

"ನಿನ್ನೆ ನಮ್ಮನೇಲಿ ನಿಮಗೆ ಬೈದ್ವಿ," ಎಂದ.

"ಯಾರು?"

"ಮೊದಲು ನಾನು ನಿಮಗೆ ಬೈದೆ. ಆಮೇಲೆ ಹೆಂಡತಿ ನನಗೆ ಬೈದಳು. ಹಿಂದೆ ಅದೇ ಗುಂಡೀಲಿ ಸತ್ತನಲ್ಲ, ಎರಡನೆಯವನು, ಅವಳ ತಮ್ಮ."

ಸುಶೀಲಾ ಚೀಲ ಹತ್ತಿರ ಎಳೆದುಕೊಂಡು ಜಾಗ ಬಿಟ್ಟಳು. ಬಿಜೇಂದರ್ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ಅವಳ ಚೀಲದಲ್ಲಿದ್ದ ಫ್ಲಾಸ್ಕ್ ನೋಡಿದ.

"ಚಹಾನಾ?"

"ಕಾಫಿ."

ಅವಳು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಕಹಿ! ನೀವು ಸೌತ್‌ನವರು ದಿನಾ ಇದನ್ನ ಕುಡೀತೀರಾ?"

"ದಿನಾ."

ಅವನು ಪೂರ್ತಿ ಕುಡಿದು ಮುಚ್ಚಳ ವಾಪಸು ಕೊಟ್ಟ. ಅವಳು ಅದೇ ಮುಚ್ಚಳಕ್ಕೆ ತನಗೆ ಬಗ್ಗಿಸಿಕೊಂಡಳು.

ಆಗ ಒಳಗೆ ಹೂಟರ್ ಕೂಗಿತು. ಸುಶೀಲಾಳ ತೋರುಬೆರಳು ತಾನಾಗಿ ತೊಡೆಯನ್ನು ಒತ್ತಿತು. ಕಾದಳು. ಸದ್ದು ನಿಲ್ಲಲಿಲ್ಲ. ಕುರ್ಚಿಯಲ್ಲಿ ಯಾರಿದ್ದಾರೋ, ಅವರು ಒತ್ತಲಿಲ್ಲ. ಹೂಟರ್ ಆಫೀಸಿಗೆ ಕೇಳುವಂತೆ, ರಸ್ತೆಗೆ ಕೇಳುವಂತೆ ಕೂಗುತ್ತಲೇ ಇತ್ತು. ಇಬ್ಬರೂ ಎದ್ದು ಗೇಟಿನ ಹತ್ತಿರ ಹೋಗಿ ನಿಂತರು. ಗಾರ್ಡ್ ಸರಿಯಿರಿ ಎಂದ. ಸರಿಯಲಿಲ್ಲ.

"ಮೂರನೇದಾ?" ಎಂದ ಬಿಜೇಂದರ್.

"ಮೂರನೇದು."

ಹನ್ನೊಂದು ಗಂಟೆಯ ಹೊತ್ತಿಗೆ ಟ್ಯಾಂಕರ್ ಬಂತು, ಈ ಸಲ ಮುಂದಿನ ಗೇಟಿಗೆ. ಗಾರ್ಡ್ ಗೇಟು ತೆರೆದ.